ಸಣ್ಣ ಸ್ಪೋರ್ಟ್ಸ್ ಕಾರು, ನಾಲ್ಕು ಮಳೆಗಾಲ

ಕಳೆದ ವಾರ ರಾತ್ರಿ ಹತ್ತೂವರೆಗೆ ಮಸ್ಕತ್‌ನಿಂದ ಚಿಕ್ಕಮ್ಮನ ಮಗನ ವಾಯ್ಸ್ ಮೆಸೇಜ್ ಬಂತು. "ಅಣ್ಣಾ, ಬರುವ ತಿಂಗಳು ರಜೆಯಲ್ಲಿ ಬರ್ತೇನೆ. ನಿಮ್ಮ ಕಾರು ಕೊಡುವುದಿದ್ದರೆ ನನಗೇ ಕೊಡಿ. ಐದು ಲಕ್ಷ ಉಂಟು ಕೈಯಲ್ಲಿ. ಬೇರೆ ಯಾರಿಗೂ ಮಾತು ಕೊಡ್ಬೇಡಿ."

ಬಿ.ಸಿ.ರೋಡಿನ ಬ್ರೋಕರ್ ಅದೇ ಕಾರಿಗೆ ಹೇಳಿದ್ದು ನಾಲ್ಕು ಕಾಲು ಲಕ್ಷ. ಅದೂ "ನೋಡುವಾ" ಎಂಬ ಮಾತಿನ ಜೊತೆಗೆ. ಅಪ್ಪನ ಎಡ ಮಂಡಿಯ ಆಪರೇಷನ್ ಎರಡು ಸಲ ಮುಂದೆ ಹೋಗಿದೆ. ನಮ್ಮ ಸ್ಟ್ರಿಂಗರ್ ಕೆಲಸದ ಸಂಪಾದನೆ ನಿಮಗೆ ಗೊತ್ತಿರುವುದೇ. ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು, ಬಂದರೆ ಬಂತು. ಹೂಂ ಎಂದು ಒಂದು ಮೆಸೇಜ್ ಹಾಕಿದ್ದರೆ ಮುಗಿಯುತ್ತಿತ್ತು.

ಹಾಕಲಿಲ್ಲ. ಅವನಿಗೆ 25 ವರ್ಷ. ಅವನು ಕೇಳಿದ್ದು ಕಾರು ಕೊಡ್ತೀರಾ ಎಂದು. ಆದರೆ ಅವನು ಕೇಳಬೇಕಾಗಿದ್ದ ಪ್ರಶ್ನೆ, ಆ ಕಾರು ತೆಗೆದುಕೊಳ್ಳಬಹುದಾ ಎಂದು. ಈ ಪ್ರಶ್ನೆಯನ್ನು ಮೂಡುಬಿದಿರೆಯ ಕಾಲೇಜು ಹುಡುಗರಿಂದ ಹಿಡಿದು ಬೆಳ್ತಂಗಡಿಯ ತೋಟದವರ ತನಕ ಸುಮಾರು ಜನ ನನ್ನಲ್ಲಿ ಕೇಳಿದ್ದಾರೆ. ಎಲ್ಲರಿಗೂ ನಿಂತಲ್ಲೇ ಅರ್ಧ ಉತ್ತರ ಕೊಟ್ಟಿದ್ದೇನೆ. ಪೂರ್ತಿ ಉತ್ತರ ಇವತ್ತು ಬರೆಯುತ್ತೇನೆ. ನನ್ನ ಕಾರಿನ ಕಂಪೆನಿ ಹೆಸರು ಮಾತ್ರ ಹೇಳುವುದಿಲ್ಲ. ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ.

ಮೊದಲು ಇದು ಎಂತ ಕಾರು ಅಂತ ಗೊತ್ತಿಲ್ಲದವರಿಗೆ. ಹಿಂದಿನ ಬಾಗಿಲು ಗಾಜಿನ ಸಮೇತ ಮೇಲೆ ತೆರೆಯುವ ಸಣ್ಣ ಕಾರಿಗೆ ಹ್ಯಾಚ್‌ಬ್ಯಾಕ್ ಎನ್ನುತ್ತಾರೆ. ನಮ್ಮ ಕಡೆ ಮನೆಗೊಂದು ಇರುವ ಸ್ವಿಫ್ಟ್, ಐ20, ಆಲ್ಟೊ ಎಲ್ಲ ಅದೇ. ಅದೇ ಸಣ್ಣ ಬಾಡಿಗೆ ಜೋರಿನ ಇಂಜಿನ್, ಬಿಗಿ ಸಸ್ಪೆನ್ಷನ್, ಅಗಲದ ಟಯರ್ ಹಾಕಿದರೆ ಹಾಟ್ ಹ್ಯಾಚ್. ಇದನ್ನು ಲೋಕಕ್ಕೆಲ್ಲ ರುಚಿ ಹತ್ತಿಸಿದ್ದು 1976ರಲ್ಲಿ ಜರ್ಮನಿಯಲ್ಲಿ ಬಂದ ಗಾಲ್ಫ್ ಜಿಟಿಐ. ಆ ಕಾರು ಅಧಿಕೃತವಾಗಿ ಭಾರತಕ್ಕೆ ಬರಲು 2025 ಆಯಿತು, ಬೆಲೆ 50 ಲಕ್ಷದ ಮೇಲೆ. ಅದು ನಮ್ಮ ಮಾತಲ್ಲ.

ನಮ್ಮ ಮಾತಿನವು ಬೇರೆ. 2000ದ ನಂತರದ ವರ್ಷಗಳಲ್ಲಿ ಫಿಯೆಟ್ ಪಾಲಿಯೊದ 1.6 ಲೀಟರ್ ಗಾಡಿ ಇತ್ತು. ತೆಂಡೂಲ್ಕರ್ ಹೆಸರಲ್ಲೂ ಒಂದು ಪಾಲಿಯೊ ಬಂತು. 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ, 2015ರಲ್ಲಿ 145 ಕುದುರೆ ಶಕ್ತಿಯ ಅಬಾರ್ತ್ ಪುಂಟೊ, 2017ರಲ್ಲಿ ಬಲೆನೊ ಆರ್‌ಎಸ್, 2018ರಲ್ಲಿ ಟಿಯಾಗೊ ಜೆಟಿಪಿ, 2021ರಲ್ಲಿ ಐ20 ಎನ್ ಲೈನ್, 2024ರಲ್ಲಿ ಆಲ್ಟ್ರೋಜ್ ರೇಸರ್. ಈ ಪಟ್ಟಿಯಲ್ಲಿ ಒಂದು ವಿಷಯ ಗಮನಿಸಿ. ಹೆಚ್ಚಿನವು ಬಂದ ಕೆಲವೇ ವರ್ಷಗಳಲ್ಲಿ ನಿಂತು ಹೋದವು. ಪೋಲೊ ಕೂಡ 2022ರಲ್ಲಿ ನಿಂತಿತು. ಆಸೆ ಪಡುವವರು ಬಹಳ, ಕೊಳ್ಳುವವರು ಕಡಿಮೆ. ಕಂಪೆನಿಗಳಿಗೂ ಅದು ಗೊತ್ತಾಗುತ್ತದೆ.

ನಾನು ಕೊಂಡದ್ದು 2021ರ ನವೆಂಬರಿನಲ್ಲಿ, ಸೆಕೆಂಡ್ ಹ್ಯಾಂಡ್. ಒಂದು ಲೀಟರ್ ಟರ್ಬೊ ಪೆಟ್ರೋಲ್. ಲಾಕ್‌ಡೌನ್ ಮುಗಿದಿತ್ತು, ಅಡಿಕೆ ಧಾರಣೆ ಕೆಜಿಗೆ 400 ದಾಟಿತ್ತು, ಮನೆಯಲ್ಲಿ ಎಲ್ಲರ ಮುಖ ಸ್ವಲ್ಪ ಬೆಳ್ಳಗಿತ್ತು. ಆರು ಲಕ್ಷ ಇಪ್ಪತ್ತು ಸಾವಿರ. ಅದರಲ್ಲಿ ಮೂರೂವರೆ ಲಕ್ಷ ಸೊಸೈಟಿ ಸಾಲ. ಹತ್ತು ವರ್ಷ ಬೈಕಿನಲ್ಲಿ ಮಳೆಗೆ ನೆನೆದು ಸುದ್ದಿ ಮಾಡಿದವನಿಗೆ ಒಂದು ಕಾರು ಬೇಕಿತ್ತು ನಿಜ. ಆದರೆ ಮಳೆಗೆ ನೆನೆಯದಿರಲು ವ್ಯಾಗನ್‌ಆರ್ ಸಾಕಿತ್ತು. ಅದು ಅಪ್ಪನಿಗೆ ನೋಡಿದ ಕೂಡಲೇ ಗೊತ್ತಾಯಿತು.

ಅಂಗಳದಲ್ಲಿ ಕಾರಿಗೆ ಒಂದು ಸುತ್ತು ಬಂದು, ಟಯರ್ ಮುಟ್ಟಿ ನೋಡಿ ಅಪ್ಪ ಕೇಳಿದ್ದು ಇಷ್ಟೇ: "ಇದು ಉಳುವ ಕೋಣವಾ, ಓಡುವ ಕೋಣವಾ?"

ಕಂಬಳ ಗೊತ್ತಿರುವವರಿಗೆ ಆ ಪ್ರಶ್ನೆ ಪೂರ್ತಿ ಅರ್ಥ ಆಗುತ್ತದೆ. ಓಟದ ಕೋಣವನ್ನು ಯಾರೂ ಲಾಭಕ್ಕೆ ಸಾಕುವುದಿಲ್ಲ. ವರ್ಷವಿಡೀ ಹುರುಳಿ ಬೇಯಿಸಿ ಹಾಕಬೇಕು, ಎಣ್ಣೆ ತಿಕ್ಕಬೇಕು, ಈಜಿಸಬೇಕು, ಆಳು ಇಡಬೇಕು. ಎಲ್ಲ ಮಾಡುವುದು ಕರೆಯಲ್ಲಿ ಹದಿಮೂರು ಹದಿನಾಲ್ಕು ಸೆಕೆಂಡಿನ ಓಟಕ್ಕೆ. ಮೂಡುಬಿದಿರೆ ಕಡಲಕೆರೆಯಲ್ಲಿ ಕೋಣ ಇಳಿಸುವ ಯಜಮಾನರಲ್ಲಿ ಇದರಿಂದ ಎಂತ ಸಿಗ್ತದೆ ಎಂದು ಕೇಳಿ ನೋಡಿ. ನಗುತ್ತಾರೆ. ಸಿಗುವುದು ಸಿಗುತ್ತದೆ, ಲೆಕ್ಕ ಮಾತ್ರ ಕೂಡಿ ಬರುವುದಿಲ್ಲ. ಹಾಟ್ ಹ್ಯಾಚ್ ಅಂದರೆ ಅಷ್ಟೇ. ಅದು ಓಡುವ ಕೋಣ. ಅದನ್ನು ಉಳಲಿಕ್ಕೆ ಕಟ್ಟಿದರೆ ಕೋಣಕ್ಕೂ ಕಷ್ಟ, ನಮಗೂ ಕಷ್ಟ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಅದು ಸುಳ್ಳಲ್ಲ.

ಟರ್ಬೊ ಎಂದರೆ ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯ ರಭಸದಲ್ಲೇ ತಿರುಗುವ ಒಂದು ಸಣ್ಣ ಚಕ್ರ. ಅದೇ ದಂಡಿನ ಇನ್ನೊಂದು ತುದಿಯಲ್ಲಿರುವ ಚಕ್ರ ಗಾಳಿಯನ್ನು ಒತ್ತಿ ಇಂಜಿನ್ ಒಳಗೆ ತುಂಬುತ್ತದೆ. ಗಾಳಿ ಹೆಚ್ಚು ಹೋದರೆ ಪೆಟ್ರೋಲ್ ಹೆಚ್ಚು ಉರಿಯಬಹುದು, ಸಣ್ಣ ಇಂಜಿನ್ ದೊಡ್ಡದರ ಕೆಲಸ ಮಾಡುತ್ತದೆ. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಚಡಾವು ಬಂದರೆ ಗೇರ್ ಇಳಿಸಿ, ಇಂಜಿನ್ ಕಿರುಚುವಷ್ಟು ಆಕ್ಸಿಲರೇಟರ್ ಒತ್ತಬೇಕು. ಟರ್ಬೊದಲ್ಲಿ 2,000 ಆರ್‌ಪಿಎಂ ಆಸುಪಾಸಿನಲ್ಲೇ ಎಳೆತ ಸಿಗುತ್ತದೆ. ಶಿರಾಡಿಯಲ್ಲಿ ಗ್ಯಾಸ್ ಟ್ಯಾಂಕರುಗಳ ಸಾಲಿನ ಹಿಂದೆ ಸಿಕ್ಕಿ ಬಿದ್ದವರಿಗೆ ಇದರ ಬೆಲೆ ಗೊತ್ತು. ಎದುರು ಖಾಲಿ ಕಂಡಾಗ ಓವರ್‌ಟೇಕ್ ಬೇಗ ಮುಗಿಯುತ್ತದೆ. ಎದುರು ಸೈಡಿನಲ್ಲಿ ಇರುವ ಹೊತ್ತು ಕಡಿಮೆಯಾಗುತ್ತದೆ. ಅದು ಸುರಕ್ಷತೆಯೇ.

ಚಾರ್ಮಾಡಿ ನಾನು ಹೆಚ್ಚು ಹೋಗುವ ಘಾಟಿ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದಾಗ ಬೈಕಿನಲ್ಲಿ ಹೋಗಿ ಸುದ್ದಿ ಮಾಡಿದ್ದೆ. ಈ ಕಾರು ತೆಗೆದ ಮೇಲೆ ಒಂದು ಡಿಸೆಂಬರಿನ ಬೆಳಿಗ್ಗೆ, ಮಂಜು ಬಿಡುವ ಹೊತ್ತಿಗೆ, ಕೊಟ್ಟಿಗೆಹಾರದ ತನಕ ಒಬ್ಬನೇ ಹೋದೆ. ವೇಗ 40 ದಾಟಿರಲಿಲ್ಲ. ಆದರೂ ಪ್ರತಿ ತಿರುವಿನಲ್ಲಿ ಸ್ಟೇರಿಂಗ್ ಹೇಳಿದ ಮಾತು ಕೇಳುತ್ತಿತ್ತು. ಗಾಡಿ ವಾಲಲಿಲ್ಲ, ಬ್ರೇಕ್ ಹಿಡಿದಲ್ಲಿ ನಿಂತಿತು. ಮೇಲೆ ಹೋಗಿ ಚಹಾ ಕುಡಿಯುವಾಗ ಕೈ ಸಣ್ಣಗೆ ನಡುಗುತ್ತಿತ್ತು, ಖುಷಿಗೆ. 33ನೇ ವಯಸ್ಸಿನಲ್ಲಿ ಹಾಗೆ ಕೈ ನಡುಗುವಂಥ ಖುಷಿ ಎಷ್ಟು ಸಲ ಸಿಗುತ್ತದೆ ಹೇಳಿ. ಇಂಥ ಕಾರಿನ ನಿಜವಾದ ರುಚಿ ಮೀಟರಿನ ಮುಳ್ಳಿನಲ್ಲಿಲ್ಲ, ತಿರುವಿನಲ್ಲಿದೆ. ಇಷ್ಟು ತಿಳಿದುಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು, ಅದಕ್ಕೆ ಮುಂದೆ ಬರುತ್ತೇನೆ.

ಈಗ ಕಷ್ಟದ ಕಡೆ.

ನಮ್ಮ ಮನೆ ಸಿದ್ಧಕಟ್ಟೆಯಿಂದ ಒಳಗೆ. ಡಾಂಬರು ಬಿಟ್ಟ ಮೇಲೆ ಅರ್ಧ ಕಿಲೋಮೀಟರ್ ಮುರಕಲ್ಲಿನ ರಸ್ತೆ, ಕೊನೆಗೆ ಒಂದು ಚಡಾವು. ಮೊದಲ ದಿನವೇ ಚಡಾವಿನ ತುದಿಯಲ್ಲಿ ಅಡಿ ತಾಗಿತು. ಆ ಸದ್ದು ಕೇಳಿದರೆ ಹಲ್ಲು ಜುಂ ಎನ್ನುತ್ತದೆ. ಸಾವಿರದ ಐನೂರು ಕೊಟ್ಟು ಎರಡು ಪಿಕಪ್ ಜಲ್ಲಿ ಹುಡಿ ಹಾಕಿಸಿದೆ. ಮಳೆ ಬಂತು, ಹೋಯಿತು. ಮತ್ತೆ ಹಾಕಿಸಿದೆ. ನಾಲ್ಕು ಮಳೆಗಾಲಕ್ಕೆ ನಾಲ್ಕು ಸಲ. ನಾಲ್ಕು ಜನ ಕೂತು ಹಿಂದೆ ಎರಡು ಗೋಣಿ ಅಡಿಕೆ ಇಟ್ಟರೆ ಶಾಲೆ ಎದುರಿನ ಹಂಪಿಗೂ ತಾಗುತ್ತದೆ. ಹಂಪ್ ಹಾಕುವವರಿಗೆ ಅಳತೆ ಪುಸ್ತಕದಲ್ಲಿ ಉಂಟು, ರಸ್ತೆಯಲ್ಲಿ ಇಲ್ಲ. ಅಮ್ಮನನ್ನು ಹಂಪಿನ ಮೊದಲು ಇಳಿಸಿ ದಾಟಿದ ಮೇಲೆ ಹತ್ತಿಸಿಕೊಂಡದ್ದೂ ಉಂಟು. "ಇದಕ್ಕೆ ಆರು ಲಕ್ಷ ಕೊಟ್ಟದ್ದಾ ನೀನು?" ಎಂದು ಅಮ್ಮ ಕೇಳಿದ್ದು ಆ ಹಂಪಿನ ಹತ್ತಿರವೇ.

ಟಯರ್. ಸಾಮಾನ್ಯ ಸಣ್ಣ ಕಾರಿಗೆ 165/80 ಅಳತೆಯ 14 ಇಂಚಿನ ಟಯರ್ ಇದ್ದರೆ ಇಂಥದ್ದಕ್ಕೆ 195/55 ಅಳತೆಯ 16 ಇಂಚು. ಎರಡನೇ ಸಂಖ್ಯೆ ಟಯರಿನ ಪಕ್ಕದ ಗೋಡೆ ಎಷ್ಟು ಎತ್ತರ ಎಂದು ಹೇಳುತ್ತದೆ, ಅಗಲದ ಶೇಕಡಾವಾರು. ಗೋಡೆ ಗಿಡ್ಡ ಇದ್ದಷ್ಟು ತಿರುವಿನಲ್ಲಿ ಗಾಡಿ ನೆಟ್ಟಗೆ ನಿಲ್ಲುತ್ತದೆ, ಹೊಂಡಕ್ಕೆ ಬಿದ್ದಾಗ ಅಷ್ಟೇ ಬೇಗ ಒಳಗಿನ ನೂಲು ತುಂಡಾಗಿ ಪಕ್ಕದಲ್ಲಿ ಗುಳ್ಳೆ ಬರುತ್ತದೆ. ಹೆದ್ದಾರಿ ಅಗಲ ಮಾಡುವ ಕೆಲಸ ಬಿ.ಸಿ.ರೋಡಿನಿಂದ ಅಡ್ಡಹೊಳೆ ತನಕ ವರ್ಷಗಟ್ಟಲೆ ನಡೆದದ್ದು ನಿಮಗೆ ಗೊತ್ತು. ಕಲ್ಲಡ್ಕದಲ್ಲಿ ಮೇಲ್ಸೇತುವೆ ಆಗುವ ಮೊದಲು ಅಲ್ಲಿ ಕೆ.ಟಿ. ಕುಡಿಯಲು ಹೋದರೆ ಕೆಸರೂ ಕುಡಿದು ಬರಬೇಕಿತ್ತು. ಆ ಒಂದು ಮಳೆಗಾಲದಲ್ಲಿ ನನ್ನ ಎರಡು ಟಯರಿಗೆ ಗುಳ್ಳೆ ಬಂತು. ಒಂದಕ್ಕೆ 7,800 ರೂಪಾಯಿ. ಗುಳ್ಳೆ ಬಂದ ಟಯರನ್ನು ರಿಪೇರಿ ಮಾಡಲು ಬರುವುದಿಲ್ಲ, ಬಿಸಾಡಲೇಬೇಕು. ಎರಡು ತಿಂಗಳ ಸುದ್ದಿ ಹಣ ಹೋಯಿತು.

ಪೆಟ್ರೋಲ್. ನಾನು ತಿಂಗಳಿಗೆ ಸುಮಾರು 1,200 ಕಿ.ಮೀ. ಓಡಿಸುತ್ತೇನೆ. ಊರ ರಸ್ತೆಯಲ್ಲಿ ನನಗೆ ಸಿಗುವುದು ಲೀಟರಿಗೆ 13. ಲೀಟರಿಗೆ 102 ಎಂದು ಹಿಡಿದರೆ ತಿಂಗಳಿಗೆ 9,400 ರೂಪಾಯಿ. ಲೀಟರಿಗೆ 18 ಕೊಡುವ ಸಾದಾ ಕಾರಾದರೆ 6,800. ವರ್ಷಕ್ಕೆ ಸುಮಾರು 31,000 ರೂಪಾಯಿಯ ವ್ಯತ್ಯಾಸ. ಮೆಲ್ಲ ಹೋದರೆ ಈ ಗಾಡಿಯೂ 17 ಕೊಡುತ್ತದೆ. ಆದರೆ ಮೆಲ್ಲ ಹೋಗಲು ಇದನ್ನು ಯಾರು ತೆಗೆದುಕೊಳ್ಳುತ್ತಾರೆ?

ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಹಳೆಯ ಗಾಡಿ ತೆಗೆಯುವವರು ಅದರ ಮ್ಯಾನುವಲ್ ಪುಸ್ತಕದಲ್ಲಿ ಯಾವ ಪೆಟ್ರೋಲಿಗೆ ಒಪ್ಪಿಗೆ ಇದೆ ಎಂದು ನೋಡಿಯೇ ತೆಗೆಯಿರಿ.

ಸರ್ವಿಸ್. ಊರ ಗ್ಯಾರೇಜಿನವರು ಒಳ್ಳೆಯ ಕೆಲಸಗಾರರು. ಆದರೆ ಟರ್ಬೊ ಎಂದರೆ ಅವರೇ "ಮಂಗಳೂರಿಗೆ ಕೊಂಡೋಗಿ ಮಾರಾಯ್ರೆ" ಎನ್ನುತ್ತಾರೆ. ಕಂಪೆನಿ ಹೇಳಿದ ದರ್ಜೆಯ ಸಿಂಥೆಟಿಕ್ ಆಯಿಲೇ ಹಾಕಬೇಕು, ಹೊತ್ತಿಗೆ ಸರಿಯಾಗಿ ಬದಲಾಯಿಸಬೇಕು. ಘಾಟಿ ಹತ್ತಿ ಬಂದ ಕೂಡಲೇ ಕೀ ತಿರುಗಿಸಿ ಬಂದ್ ಮಾಡಬಾರದು. ಒಂದು ನಿಮಿಷ ಇಂಜಿನ್ ಹಾಗೇ ಬಿಡಬೇಕು, ಟರ್ಬೊದ ಬಿಸಿ ಇಳಿಯಲಿ ಎಂದು. ಮಾರಾಟ ನಿಂತು ಹೋದ ಮಾಡೆಲ್ ಆದರೆ ಪಾರ್ಟಿಗೆ ಕಾಯುವುದೂ ಸೇರುತ್ತದೆ. ನಾನು ಒಂದು ಸೆನ್ಸರಿಗೆ 19 ದಿನ ಕಾದಿದ್ದೇನೆ. ಆ 19 ದಿನ ಮತ್ತೆ ಬೈಕು, ಮತ್ತೆ ರೈನ್‌ಕೋಟು.

ಈ ಎಲ್ಲ ಲೆಕ್ಕದ ಮೇಲೆ ಇನ್ನೊಂದು ಲೆಕ್ಕ ಉಂಟು. ಅದು ನನಗೆ ಕಂಬಳದಿಂದಲೇ ಹೊಳೆದದ್ದು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು, ದೇಶವೆಲ್ಲ ಸುದ್ದಿ ಆಯಿತು. ಗಂಟೆಗೆ ಲೆಕ್ಕ ಹಾಕಿದರೆ ಸುಮಾರು 38 ಕಿ.ಮೀ. ಅದೇ ವಾರ ಹಾಕಿದ ಲೆಕ್ಕವಲ್ಲ ಇದು. ಕಾರು ಕೊಂಡ ಮೇಲೆ ಒಂದು ದಿನ ಬಿ.ಸಿ.ರೋಡಿನಿಂದ ಮೂಡುಬಿದಿರೆಗೆ ಹೋಗಿ ಇಳಿದು ಡಿಸ್‌ಪ್ಲೇಯಲ್ಲಿ ಸರಾಸರಿ ವೇಗ ನೋಡಿದೆ. 38! ನೂರಕ್ಕಿಂತ ಹೆಚ್ಚು ಕುದುರೆ ಶಕ್ತಿಯ ಗಾಡಿ, ಸಿಕ್ಕಲ್ಲೆಲ್ಲ ಒತ್ತಿದ್ದೇನೆ, ಹಂಪು, ಬಸ್ಸು, ತಿರುವು, ದನ, ಪೇಟೆ ಎಲ್ಲ ಸೇರಿ ಕೊನೆಗೆ ಕೋಣದ ವೇಗ. ಮರುದಿನ ಬೇಕಂತಲೇ ಆರಾಮದಲ್ಲಿ ಹೋದೆ. ಸರಾಸರಿ 35. ವ್ಯತ್ಯಾಸ ನಾಲ್ಕು ನಿಮಿಷ. ಆ ನಾಲ್ಕು ನಿಮಿಷವನ್ನು ನಾನು ಮೂಡುಬಿದಿರೆ ಪೇಟೆಯಲ್ಲಿ ಪಾರ್ಕಿಂಗ್ ಹುಡುಕುವುದರಲ್ಲಿ ಕಳೆದೆ.

ಇನ್ನು ಹೇಳಬೇಕಾದದ್ದು ಮನೆಯಲ್ಲೂ ನಾನು ಪೂರ್ತಿ ಹೇಳದ ವಿಷಯ.

2023ರ ಅಕ್ಟೋಬರ್. ಬೆಳಗ್ಗಿನ ಜಾವ ನಾಲ್ಕೂ ಮುಕ್ಕಾಲಿಗೆ ಫೋನ್. ಬೆಳ್ತಂಗಡಿ ಕಡೆ ಒಂದು ಅಪಘಾತ, ಎರಡು ಸಾವು ಎಂದರು. ನಮ್ಮ ಕೆಲಸದಲ್ಲಿ ಫೋಟೊ ಮೊದಲು ಹಾಕಿದವನೇ ರಾಜ. ಪ್ಯಾಂಟು ಹಾಕಿಕೊಂಡವನು ಕಾರು ತೆಗೆದೆ. ವೇಣೂರು ಕಡೆಯ ಒಳರಸ್ತೆ. ರಾತ್ರಿ ಮಳೆ ಬಂದು ಬಿಟ್ಟಿತ್ತು, ರಸ್ತೆ ಹೊಳೆಯುತ್ತಿತ್ತು. ಎರಡೂ ಬದಿ ರಬ್ಬರ್ ತೋಟ. ಯಾರೂ ಇಲ್ಲ. ಇಂಥ ಹೊತ್ತಿನಲ್ಲಿ ಆ ಕಾರು ನಿಮ್ಮನ್ನು ಕರೆಯುತ್ತದೆ. ಸುಳ್ಳು ಹೇಳುವುದಿಲ್ಲ, ಆ ಹೊತ್ತಿನಲ್ಲಿ ಸತ್ತವರ ಯೋಚನೆ ನನಗಿರಲಿಲ್ಲ. ಗೇರ್ ಬದಲಾಯಿಸುವ ಖುಷಿ ಇತ್ತು.

ಒಂದು ತಿರುವು ಮುಗಿಯುವಲ್ಲಿ ದೂರದಲ್ಲಿ ಸಣ್ಣ ಬೆಳಕು ಕಂಡಿತು. ಯಾರದೋ ಮನೆಯ ದೀಪ ಎಂದುಕೊಂಡೆ. ಆ ದೀಪ ನಡೆದುಕೊಂಡು ರಸ್ತೆಗೆ ಬಂತು. ಟ್ಯಾಪಿಂಗ್ ಮಾಡುವವರು ತಲೆಗೆ ಕಟ್ಟುವ ಟಾರ್ಚ್ ಅದು. ಬ್ರೇಕ್ ಮೇಲೆ ನಿಂತೆ ಎಂದೇ ಹೇಳಬೇಕು. ಪೆಡಲ್ ಕಾಲಿನ ಅಡಿಯಲ್ಲಿ ಗಡಗಡ ನಡುಗಿತು, ಎಬಿಎಸ್. ಗಾಡಿ ನೇರವಾಗಿ ಜಾರಿ ಜಾರಿ ನಿಂತಿತು. ಆ ಮನುಷ್ಯ ಬಾನೆಟ್ಟಿನಿಂದ ಒಂದು ಮಾರು ದೂರದಲ್ಲಿ. ಕೈಯಲ್ಲಿದ್ದ ಬಕೆಟ್ ಬಿದ್ದು ರಬ್ಬರ್ ಹಾಲು ರಸ್ತೆಯಲ್ಲೆಲ್ಲ ಹರಿಯಿತು. ಹೆಡ್‌ಲೈಟಿನ ಬೆಳಕಿಗೆ ಆ ಬಿಳಿ ಬಣ್ಣ ನನಗೆ ಈಗಲೂ ಕಣ್ಣೆದುರು ಬರುತ್ತದೆ. ಅದು ಕೆಂಪು ಆಗಿರಬಹುದಿತ್ತು.

ಇಳಿದೆ. ಗುರುತಿನ ಚೇಟ್ಟ. ಅವರ ಏರಿಯಾದ ಕುಡಿಯುವ ನೀರಿನ ಸುದ್ದಿ ನಾನೇ ಮಾಡಿದ್ದು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಟಾರ್ಚನ್ನು ಹಣೆಯಿಂದ ಮೇಲೆ ಸರಿಸಿ ಮುಖ ನೋಡಿ, "ಓ, ಪ್ರೆಸ್ಸಿನವರು. ಯಾರು ತೀರಿಕೊಂಡದ್ದು?" ಎಂದು ಕೇಳಿದರು.

ಅಪಘಾತ, ಇಬ್ಬರು ಎಂದೆ.

"ಅವರು ಹೋಗಿ ಆಯ್ತಲ್ಲ. ಇನ್ನು ಎಂತಕ್ಕೆ ಅರ್ಜೆಂಟ್?"

ಹಾಲಿನ ಬಾಬ್ತು ಐನೂರು ಕೊಟ್ಟೆ. ಬೇಡ ಎನ್ನಲಿಲ್ಲ, ತೋಟದ ಧನಿಗೆ ಲೆಕ್ಕ ಕೊಡಬೇಕಲ್ಲ. ಆಮೇಲೆ 30ರಲ್ಲಿ ಹೋದೆ. ನಾನು ಮುಟ್ಟುವಾಗ ಮೂರು ವಾಟ್ಸಾಪ್ ಗ್ರೂಪುಗಳಲ್ಲಿ ಫೋಟೊ ಬಂದಾಗಿತ್ತು. ಮಧ್ಯಾಹ್ನ ಕೂತು ಸುದ್ದಿ ಟೈಪ್ ಮಾಡಿದೆ. ಕೊನೆಯ ಸಾಲು ಯಾವಾಗಲೂ ಒಂದೇ: ಅತಿವೇಗ ಮತ್ತು ನಿರ್ಲಕ್ಷ್ಯದ ಚಾಲನೆಯೇ ಘಟನೆಗೆ ಕಾರಣ ಎನ್ನಲಾಗಿದೆ. ಆ ಸಾಲನ್ನು ಎಷ್ಟು ನೂರು ಸಲ ಟೈಪ್ ಮಾಡಿದ್ದೇನೋ. ಆ ದಿನ ಕೈ ನಿಂತಿತು. ಒಂದು ಮಾರಿನ ಅಂತರದಲ್ಲಿ ಆ ಸಾಲು ನನ್ನ ಬಗ್ಗೆ ಬೇರೊಬ್ಬ ಸ್ಟ್ರಿಂಗರ್ ಟೈಪ್ ಮಾಡುವುದು ತಪ್ಪಿತ್ತು.

ಆ ಮೇಲೆ ಲೆಕ್ಕ ಹಾಕಿದೆ. ನಾನು ಇದ್ದದ್ದು 75ರಲ್ಲಿ. ಅಂದರೆ ಸೆಕೆಂಡಿಗೆ ಸುಮಾರು 21 ಮೀಟರ್. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಬರುವ ಒಂದು ಸೆಕೆಂಡಿನಲ್ಲೇ ಗಾಡಿ 21 ಮೀಟರ್ ಹೋಗಿರುತ್ತದೆ. ಮತ್ತೆ ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ 40 ಮೀಟರಿನಷ್ಟು ಬೇಕು. 50ರಲ್ಲಿ ಇದ್ದಿದ್ದರೆ ಒಟ್ಟು ಅದರ ಅರ್ಧ ಸಾಕಿತ್ತು. ವೇಗ ಒಂದೂವರೆ ಪಟ್ಟಾದರೆ ಬ್ರೇಕ್ ತಿನ್ನುವ ದೂರ ಎರಡೂ ಕಾಲು ಪಟ್ಟಾಗುತ್ತದೆ. ಒಳ್ಳೆಯ ಬ್ರೇಕ್, ಅಗಲದ ಟಯರ್ ಇದ್ದದ್ದರಿಂದ ಚೇಟ್ಟ ಉಳಿದರು ಎಂದು ಒಂದಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದೂ ನಿಜ. ಆದರೆ ಸಾದಾ ಕಾರಾಗಿದ್ದರೆ ನಾನು 75ರಲ್ಲಿ ಇರುತ್ತಿರಲಿಲ್ಲ. ಅದು ಇನ್ನೂ ದೊಡ್ಡ ನಿಜ.

ಕಾರಿನ ತಪ್ಪಲ್ಲ. ಓಡುವ ಕೋಣ ಓಡುತ್ತದೆ. ಕಂಬಳಕ್ಕೆ ಕರೆ ಉಂಟು, ಎರಡೂ ಬದಿ ಕಟ್ಟೆ ಉಂಟು, ಕೊನೆಯಲ್ಲಿ ಹಿಡಿದು ನಿಲ್ಲಿಸುವವರು ಉಂಟು. ವೇಣೂರು ರಸ್ತೆಯಲ್ಲಿ ಅದೆಲ್ಲ ಇಲ್ಲ. ಅಲ್ಲಿ ಶಾಲೆಗೆ ಹೋಗುವ ಮಕ್ಕಳು, ಹಾಲಿನ ಡೈರಿಗೆ ಹೋಗುವ ಹೆಂಗಸರು, ಟ್ಯಾಪಿಂಗಿನವರು ಇದ್ದಾರೆ. ವೇಗವೇ ಬೇಕು ಎನ್ನುವವರಿಗೆ ಅದರದ್ದೇ ಜಾಗ ಉಂಟು. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳನ್ನು ಬಂದ್ ಮಾಡಿ ರ‍್ಯಾಲಿ ನಡೆಸಿದ್ದಾರೆ. ನಮ್ಮ ಪಕ್ಕದ ಕಾಸರಗೋಡಿನ ಮೂಸಾ ಷರೀಫ್ ನ್ಯಾವಿಗೇಟರ್ ಆಗಿ ದೇಶದ ದೊಡ್ಡ ರ‍್ಯಾಲಿಗಳನ್ನು ಗೆದ್ದವರು. ಅವರೆಲ್ಲ ಹೆಲ್ಮೆಟ್ ಹಾಕಿ, ಗಾಡಿಯೊಳಗೆ ಕಬ್ಬಿಣದ ಕೇಜ್ ಕಟ್ಟಿ, ಎದುರು ಯಾರೂ ಬರುವುದಿಲ್ಲ ಎಂಬ ಖಾತ್ರಿಯಲ್ಲಿ ಓಡಿಸುವವರು. ನಮ್ಮ ನಿಮ್ಮ ಮಾಮೂಲು ಇನ್ಶೂರೆನ್ಸಿನಲ್ಲಿ ರೇಸಿಗೆ ಕವರ್ ಇಲ್ಲ, ಅದನ್ನೂ ನೆನಪಿಡಿ.

ಹಾಗಾದರೆ ತೆಗೆದುಕೊಳ್ಳಬಹುದಾ?

ಮನೆಯಲ್ಲಿ ಒಂದೇ ಕಾರು ಆಗುವುದಾದರೆ, ಅಂಗಳದ ತನಕ ಡಾಂಬರು ಇಲ್ಲದಿದ್ದರೆ, ಸಾಲದ ಕಂತು ತಿಂಗಳ ಸಂಪಾದನೆಯನ್ನು ಹಿಂಡುವುದಾದರೆ ಬೇಡ. ನನ್ನ ವಿಷಯದಲ್ಲಿ ಈ ಮೂರೂ ಇತ್ತು. ಮನೆಗೆ ಬೇರೆ ಒಂದು ಉಳುವ ಗಾಡಿ ಇದ್ದು, ಇದು ಎರಡನೆಯದ್ದಾದರೆ, ವರ್ಷಕ್ಕೆ ನಲವತ್ತು ಐವತ್ತು ಸಾವಿರ ಹೆಚ್ಚಿಗೆ ಹೋದರೂ ಮನೆಯ ಅಕ್ಕಿಗೆ ತಾಗುವುದಿಲ್ಲ ಎಂದಾದರೆ, ಗಾಡಿ ಓಡಿಸುವುದು ನಿಮಗೆ ನಿಜವಾಗಿ ಇಷ್ಟ ಎಂದಾದರೆ ಖಂಡಿತ ತೆಗೆದುಕೊಳ್ಳಿ. ಆಸೆಗೆ ಖರ್ಚು ಮಾಡುವುದು ತಪ್ಪಲ್ಲ. ಆಸೆಯನ್ನು ಅಗತ್ಯ ಎಂದು ಹೇಳಿ ಮನೆಯವರನ್ನು ನಂಬಿಸುವುದು ತಪ್ಪು. ನಾನು "ಸುದ್ದಿಗೆ ಬೇಕು" ಎಂದಿದ್ದೆ.

ಹೊಸತು ತೆಗೆಯುವವರಿಗೆ ಎರಡು ಮಾತು. ನಾಲ್ಕು ಮೀಟರಿನ ಒಳಗಿನ, 1,200 ಸಿಸಿ ತನಕದ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18 ಶೇಕಡಾ, ಮೊದಲು ಸೆಸ್ ಸೇರಿ 29 ಇತ್ತು. ಒಂದು ಲೀಟರ್ ಟರ್ಬೊಗಳು ಇದರಲ್ಲಿ ಬರುತ್ತವೆ. ಆದರೆ ನಮ್ಮ ರಾಜ್ಯದ ರಸ್ತೆ ತೆರಿಗೆ 5 ಲಕ್ಷದಿಂದ 10 ಲಕ್ಷದ ತನಕ 14 ಶೇಕಡಾ, ದಾಟಿದರೆ 17. ಒಂಬತ್ತು ಲಕ್ಷ ತೊಂಬತ್ತು ಸಾವಿರದ ಗಾಡಿಗೂ ಹತ್ತು ಲಕ್ಷ ಇಪ್ಪತ್ತು ಸಾವಿರದ ಗಾಡಿಗೂ ತೆರಿಗೆಯಲ್ಲೇ ಸುಮಾರು 35,000 ವ್ಯತ್ಯಾಸ. ಸನ್‌ರೂಫ್ ಆಸೆಗೆ ಆ ಗೆರೆ ದಾಟಬೇಡಿ.

ಸೆಕೆಂಡ್ ಹ್ಯಾಂಡ್ ತೆಗೆಯುವವರು ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿ ಅಡಿ ನೋಡಿ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ, ಕೈ ಮುಗಿದು ಬನ್ನಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2322 ಎಂದಿದ್ದರೆ 2022ರ 23ನೇ ವಾರದ ಟಯರ್. ಆರ್‌ಟಿಒದಿಂದ ಬಿ-ಎಕ್ಸ್‌ಟ್ರಾಕ್ಟ್ ತೆಗೆಸಿ ಸಾಲ ಬಾಕಿ ಉಂಟಾ ನೋಡಿ. ಸೈಲೆನ್ಸರ್ ಬದಲಾಯಿಸಿದ, ಕಂಪ್ಯೂಟರಿನಲ್ಲಿ ಇಂಜಿನ್ ಶಕ್ತಿ ಏರಿಸಿದ ಗಾಡಿ ಬೇಡವೇ ಬೇಡ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಅದಕ್ಕೆ ಒಪ್ಪುವುದಿಲ್ಲ, ಇನ್ಶೂರೆನ್ಸಿನವರೂ ಒಪ್ಪುವುದಿಲ್ಲ.

ಈಗ ತಮ್ಮನಿಗೆ. ನೀನು ಇದನ್ನು ಓದುತ್ತೀ ಎಂದು ಗೊತ್ತು, ಅದಕ್ಕೇ ಇಲ್ಲಿ ಬರೆದೆ. ಕಾರಿನ ಎಡ ಹಿಂದಿನ ಟಯರ್ ಈ ವರ್ಷ ಬದಲಾಯಿಸಬೇಕು. ಕ್ಲಚ್ ಸ್ವಲ್ಪ ಮೇಲೆ ಹಿಡಿಯುತ್ತದೆ, ಇನ್ನೊಂದು ವರ್ಷ ಬರಬಹುದು. ಅಡಿಯಲ್ಲಿ ಮೂರು ಕಡೆ ಕೆರೆದ ಗುರುತು ಉಂಟು, ಆಯಿಲ್ ಸೋರುವುದಿಲ್ಲ. ಅದರ ಬೆಲೆ ಐದು ಲಕ್ಷ ಅಲ್ಲ, ನಾಲ್ಕು ಕಾಲು. ಅದಕ್ಕಿಂತ ಹೆಚ್ಚು ನಿನ್ನಲ್ಲಿ ತೆಗೆದುಕೊಳ್ಳುವುದಿಲ್ಲ. ನಿಮ್ಮ ಮನೆಯ ಹಿಂಬದಿಯ ಮಾಡು ಈ ಮಳೆಗಾಲ ತಡೆಯುವುದಿಲ್ಲ ಎಂದು ಚಿಕ್ಕಮ್ಮ ನನ್ನಲ್ಲಿ ಹೇಳಿದ್ದಾರೆ, ನಿನ್ನಲ್ಲಿ ಹೇಳಲಿಕ್ಕಿಲ್ಲ. ಮೊದಲು ಅದು.

ಅದು ಆದ ಮೇಲೂ ಕೈಯಲ್ಲಿ ಹಣ ಉಳಿದು, ಆಸೆಯೂ ಉಳಿದರೆ ಊರಿಗೆ ಬಂದ ಮೊದಲ ಭಾನುವಾರ ಬೆಳಗ್ಗಿನ ಜಾವ ಐದಕ್ಕೆ ಮನೆಗೆ ಬಾ. ನೀನೇ ಓಡಿಸು. ವೇಣೂರು ರಸ್ತೆಯ ಆ ತಿರುವಿನ ತನಕ ಹೋಗುವ. ಅಲ್ಲಿ ಗಾಡಿ ಬದಿಗೆ ನಿಲ್ಲಿಸಿ, ಲೈಟ್ ಆರಿಸಿ ಹತ್ತು ನಿಮಿಷ ಕೂರುವ. ರಬ್ಬರ್ ತೋಟದೊಳಗೆ ಎಷ್ಟು ದೀಪ ನಡೆಯುತ್ತವೆ ಎಂದು ನೀನೇ ಎಣಿಸು. ಆಮೇಲೆ ಬೇಕು ಎಂದರೆ ಅಲ್ಲೇ ಕೀ ಕೊಡುತ್ತೇನೆ.